ಕಟ್ಟಡಕ್ಕೆ ದಾನಿ ಸಿಗುತ್ತಾರೆ, ಕರೆಂಟ್ ಬಿಲ್ಲಿಗೆ ಯಾರು?

ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಹೋಗಿದ್ದೆ. ಗೇಟು ದಾಟಿದರೆ ಎಡಕ್ಕೆ ಒಂದು ಸಣ್ಣ ಕೋಣೆ. ತಗಡಿನ ಬಾಗಿಲು, ಮೇಲೆ ನೀಲಿ ಬೋರ್ಡು: ಶುದ್ಧ ಕುಡಿಯುವ ನೀರಿನ ಘಟಕ. ದೂರದ ಒಂದು ಕಂಪನಿ ಕಟ್ಟಿಸಿಕೊಟ್ಟದ್ದು. ಉದ್ಘಾಟನೆಯ ಕರಿ ಕಲ್ಲು ಇನ್ನೂ ಮುಖ ಕಾಣುವಷ್ಟು ಹೊಳೆಯುತ್ತದೆ. ನಾಣ್ಯ ಹಾಕುವ ಸೀಳಿನಲ್ಲಿ ಮಾತ್ರ ಜೇಡ ಬಲೆ ಕಟ್ಟಿದೆ. ಒಳಗೆ ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್, ಕೆಟ್ಟು ಒಂದೂವರೆ ವರ್ಷವಾಗಿದೆ ಅಂತ ಹೆಡ್‌ಮಾಸ್ತರರು ಹೇಳಿದರು. ಆ ಭಾಗದ ಬೋರ್‌ವೆಲ್ ನೀರಿನಲ್ಲಿ ಹಲ್ಲು ಕೆಡಿಸುವ ಫ್ಲೋರೈಡ್ ಜಾಸ್ತಿ. ನಮ್ಮ ಹತ್ತಿರ ಬಂದು ನಕ್ಕ ಹುಡುಗಿಯ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು.

ಅದೇ ಕಾಂಪೌಂಡಿನ ಇನ್ನೊಂದು ತುದಿಯಲ್ಲಿ ಅಡುಗೆ ಕೋಣೆ. ಅಲ್ಲಿ ಇಬ್ಬರು ಹೆಣ್ಣುಮಕ್ಕಳು ದೊಡ್ಡ ಪರಾತದ ಮುಂದೆ ಕೂತು ಬೆಂದ ಮೊಟ್ಟೆ ಸುಲಿಯುತ್ತಿದ್ದರು. ಬಿಸಿ ತಾಳದೆ ನಡುನಡುವೆ ಬೆರಳನ್ನು ತಣ್ಣೀರಿಗೆ ಅದ್ದುತ್ತಿದ್ದರು. ಒಬ್ಬರು ಸುಲಿಯುತ್ತ ಎಣಿಸುತ್ತಿದ್ದರು, ಇನ್ನೊಬ್ಬರು ಬಾಳೆಹಣ್ಣು ಬೇಕೆಂದ ಮಕ್ಕಳ ಲೆಕ್ಕ ಕೂಗುತ್ತಿದ್ದರು. ಈ ಮೊಟ್ಟೆಯ ಹಿಂದೆ ಒಬ್ಬ ಬಹಳ ದೊಡ್ಡ ಶ್ರೀಮಂತರ ದುಡ್ಡಿದೆ.

ಒಂದೇ ಶಾಲೆ, ಎರಡು ಕೊಡುಗೆ. ಒಂದು ನಿಂತುಹೋಗಿದೆ. ಇನ್ನೊಂದು ಪ್ರತಿದಿನ ಮಕ್ಕಳ ತಟ್ಟೆಗೆ ಬರುತ್ತಿದೆ. ಯಾಕೆ ಹೀಗೆ ಅನ್ನುವ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಅದನ್ನು ಬಿಡಿಸುತ್ತ ಹೋದರೆ, ಕೋಟ್ಯಧೀಶರ ದಾನ ಅನ್ನುವುದು ಹೇಗೆ ನಡೆಯುತ್ತದೆ ಅನ್ನುವುದೇ ಅರ್ಥವಾಗುತ್ತದೆ.

ಮೊದಲು ನಮ್ಮ ಕಡೆ ಚಹಾದ ಅಂಗಡಿಯಲ್ಲಿ ದಿನಾ ಕೇಳುವ ಮಾತಿಗೆ ಬರೋಣ. "ಅವರ ಹತ್ರ ಸಾವಿರಾರು ಕೋಟಿ ಐತಿ. ನಮ್ಮ ಊರಿಗೆ ಒಂದು ಕೋಟಿ ಕೊಟ್ರ ಏನ್ ಕಡಿಮಿ ಆಕ್ಕೇತಿ?" ಕೇಳುವವರದು ತಪ್ಪಿಲ್ಲ. ಆದರೆ ಆ ಸಾವಿರ ಕೋಟಿ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇರುವುದಿಲ್ಲ. ಹೆಚ್ಚುಪಾಲು ಷೇರುಗಳ ರೂಪದಲ್ಲಿ ಇರುತ್ತದೆ. ಇವತ್ತು ಪೇಟೆಯಲ್ಲಿ ಆ ಷೇರಿಗೆ ಎಷ್ಟು ಬೆಲೆಯೋ ಅಷ್ಟು ಸಂಪತ್ತು ಅಂತ ಪತ್ರಿಕೆಯವರು ಬರೆಯುತ್ತಾರೆ.

ಹುಬ್ಬಳ್ಳಿಯಲ್ಲೇ ಹುಟ್ಟಿದ ಗುರುರಾಜ ದೇಶಪಾಂಡೆ ಅವರನ್ನೇ ನೋಡಿ. ಅಮೆರಿಕಾದಲ್ಲಿ ಅವರು ಜೊತೆಗಾರರೊಂದಿಗೆ ಕಟ್ಟಿದ ಸೈಕಮೋರ್ ನೆಟ್‌ವರ್ಕ್ಸ್ ಅನ್ನುವ ಟೆಲಿಕಾಂ ಕಂಪನಿ 1999ರಲ್ಲಿ ಷೇರುಪೇಟೆಗೆ ಬಂತು. ಬಂದ ದಿನವೇ ಬೆಲೆ ಹಲವು ಪಟ್ಟು ಏರಿತು. ದೇಶಪಾಂಡೆಯವರ ಹೆಸರು ದೊಡ್ಡ ಶ್ರೀಮಂತರ ಸಾಲಿಗೆ ಸೇರಿತು. ಎರಡು ವರ್ಷ ಕಳೆಯುವುದರೊಳಗೆ ಟೆಲಿಕಾಂ ಷೇರುಗಳೆಲ್ಲ ಕುಸಿದವು, ಅದೂ ಕುಸಿಯಿತು. ಅಂಥ ಏರಿಳಿತ ಕಂಡವರು ತಮ್ಮ ಹೆಸರಿನ ಫೌಂಡೇಶನ್ನಿನ ದೊಡ್ಡ ಕೆಲಸವನ್ನು ಹುಬ್ಬಳ್ಳಿಯಲ್ಲೇ ಶುರುಮಾಡಿದರು. ನವಲಗುಂದದ ಕಪ್ಪು ಮಣ್ಣಿನಲ್ಲಿ ಕೃಷಿ ಹೊಂಡ, ಹಳ್ಳಿಯ ಹುಡುಗರಿಗೆ ಕೆಲಸದ ತರಬೇತಿ, ಹೊಸ ಉದ್ಯಮ ಕಟ್ಟುವವರಿಗೆ ಜಾಗ ಅಂತ ಅದು ಬೆಳೆದಿದೆ.

ಷೇರನ್ನು ಕೊಡುವುದು ಅಂದರೆ ಏನು? ಹೊಲದ ಲೆಕ್ಕದಲ್ಲಿ ಹೇಳಿದರೆ ಸಲೀಸು. ಅಣ್ಣಿಗೇರಿ ಕಡೆ ನೂರು ಎಕರೆ ಎರೆ ಹೊಲ ಇರುವ ಒಬ್ಬ ಗೌಡರು ಇದ್ದಾರೆ ಅಂತ ಇಟ್ಟುಕೊಳ್ಳಿ. ಅವರು ಮೂರು ರೀತಿಯಲ್ಲಿ ಕೊಡಬಹುದು. ಸುಗ್ಗಿ ಚೆನ್ನಾಗಿ ಬಂದ ವರ್ಷ ಹತ್ತು ಚೀಲ ಕಡಲೆ ಮಠಕ್ಕೆ ಕಳಿಸಬಹುದು. ಇಲ್ಲವೇ ಉತಾರ, ಅಂದರೆ ಪಹಣಿ, ತಮ್ಮ ಹೆಸರಿನಲ್ಲೇ ಇಟ್ಟುಕೊಂಡು, ಇಷ್ಟು ಎಕರೆಯ ಲಾವಣಿ (ಗೇಣಿ) ಹಣ ಪ್ರತಿ ವರ್ಷ ಶಾಲೆಗೆ ಅಂತ ಬರೆದುಕೊಡಬಹುದು. ಇಲ್ಲವೇ ಹೊಲವನ್ನೇ ಬರೆದುಕೊಟ್ಟು ಕೈ ತೊಳೆದುಕೊಳ್ಳಬಹುದು. ಮೂರನ್ನೂ ನಾವು ದಾನ ಅಂತಲೇ ಕರೆಯುತ್ತೇವೆ. ಆದರೆ ಮೊದಲನೆಯದು ಮಳೆಯ ಮೇಲೆ, ಗೌಡರ ಮನಸ್ಸಿನ ಮೇಲೆ ನಿಂತಿದೆ. ಮೂರನೆಯದರಲ್ಲಿ ಗೌಡರು ತೀರಿಕೊಂಡರೂ ಶಾಲೆ ನಡೆಯುತ್ತದೆ.

ವಿಪ್ರೊ ಕಂಪನಿಯ ಅಜೀಂ ಪ್ರೇಮ್‌ಜಿ 2019ರ ಮಾರ್ಚ್‌ನಲ್ಲಿ ಮಾಡಿದ್ದು ಹೆಚ್ಚುಕಡಿಮೆ ಎರಡನೆಯ ರೀತಿಯದು. ತಮ್ಮ ಹಿಡಿತದಲ್ಲಿದ್ದ ಇನ್ನೂ 34 ಶೇಕಡಾ ವಿಪ್ರೊ ಷೇರುಗಳ ಆದಾಯವನ್ನು ಪರೋಪಕಾರಕ್ಕೆ ಮೀಸಲಿಟ್ಟರು. ಮೊದಲು ಕೊಟ್ಟಿದ್ದೂ ಸೇರಿ ಅದು 67 ಶೇಕಡಾ ಆಯಿತು. ಅವತ್ತಿನ ಬೆಲೆಯಲ್ಲಿ ಒಟ್ಟು ಕೊಡುಗೆ ಸುಮಾರು 1,45,000 ಕೋಟಿ ರೂಪಾಯಿ. ಆದರೆ ಅಷ್ಟು ನೋಟು ಒಂದೇ ದಿನ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗಲಿಲ್ಲ. ಆ ಷೇರುಗಳ ಮೇಲೆ ಬರುವ ಲಾಭದ ಪಾಲು (ಡಿವಿಡೆಂಡ್), ಮಾರಿದರೆ ಬರುವ ಹಣ, ಇದೆಲ್ಲ ಇನ್ನು ಮೇಲೆ ಕುಟುಂಬಕ್ಕೆ ಅಲ್ಲ, ಫೌಂಡೇಶನ್ನಿಗೆ. ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಆದ್ದರಿಂದಲೇ ಅದು ವರ್ಷವರ್ಷ ಹರಿಯುವ ನೀರು.

ಶಾಲೆಯ ಮೊಟ್ಟೆ ಈ ನೀರಿನಿಂದ ಬಂದದ್ದು. ಸರ್ಕಾರ ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮತ್ತು ರಾಜ್ಯ ಸರ್ಕಾರದ ನಡುವೆ ಒಪ್ಪಂದವಾಯಿತು. ಉಳಿದ ನಾಲ್ಕು ದಿನದ ಖರ್ಚು ಫೌಂಡೇಶನ್ನಿನದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಒಂದರಿಂದ ಹತ್ತನೇ ತರಗತಿಯ ಮಕ್ಕಳಿಗೆ, ಮೂರು ವರ್ಷಕ್ಕೆ, ಸುಮಾರು 1,500 ಕೋಟಿ ರೂಪಾಯಿ. ನನಗೆ ಇದರಲ್ಲಿ ಮೊತ್ತಕ್ಕಿಂತ ಜಾಸ್ತಿ ಹಿಡಿಸಿದ್ದು ಬೇರೆ. ಒಂದು ಮೊಟ್ಟೆಯ ದರ ಕಟ್ಟುವಾಗ ಬೇಯಿಸುವ ಗ್ಯಾಸು, ಸಾಗಿಸುವ ಖರ್ಚು, ಸುಲಿಯುವ ಕೂಲಿ ಎಲ್ಲವನ್ನೂ ಪೈಸೆ ಲೆಕ್ಕದಲ್ಲಿ ಸೇರಿಸಿದ್ದಾರೆ. ತಣ್ಣೀರಿಗೆ ಬೆರಳು ಅದ್ದುತ್ತಿದ್ದ ಆ ಹೆಣ್ಣುಮಕ್ಕಳು ಲೆಕ್ಕದ ಒಳಗಿದ್ದಾರೆ. ನೀರಿನ ಘಟಕದ ಲೆಕ್ಕದಲ್ಲಿ ಅದನ್ನು ನಡೆಸುವವರು ಯಾರೂ ಇರಲಿಲ್ಲ.

ಇನ್ನು ಮೂರನೆಯ ರೀತಿ, ಹೊಲವನ್ನೇ ಬರೆದುಕೊಡುವುದು. ಅದು ನಮ್ಮ ನೆಲದಲ್ಲೇ ನಡೆದದ್ದು. ಈಗಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ 1861ರಲ್ಲಿ ಒಬ್ಬ ಹುಡುಗ ಹುಟ್ಟಿದ. ಶಿರಸಂಗಿ ದೇಸಗತಿಗೆ ದತ್ತಕ ಹೋಗಿ ಲಿಂಗರಾಜ ದೇಸಾಯಿ ಆದ. ವಾಡೆ, ಹೊಲ, ಅಧಿಕಾರ ಎಲ್ಲ ಇತ್ತು. ತಮ್ಮ ಸಮಾಜದ ಹುಡುಗರು ಓದಿನಲ್ಲಿ ಹಿಂದೆ ಬಿದ್ದಿದ್ದಾರೆ ಅನ್ನುವುದು ಅವರನ್ನು ಕೊರೆಯುತ್ತಿತ್ತು. 1906ರಲ್ಲಿ ಅವರು ತೀರಿಕೊಂಡಾಗ ಬರೆದಿಟ್ಟ ಮೃತ್ಯುಪತ್ರದಲ್ಲಿ ಸಂಸ್ಥಾನದ ಆಸ್ತಿ ವೀರಶೈವ ಲಿಂಗಾಯತ ಮಕ್ಕಳ ಓದಿಗೆ ಮೀಸಲಾಗಿತ್ತು. ಅದರಿಂದ ಹುಟ್ಟಿದ್ದೇ ನವಲಗುಂದ ಶಿರಸಂಗಿ ಟ್ರಸ್ಟ್. ಬಾಂಬೆ, ಪುಣೆಗೆ ಓದಲು ಹೋಗಲು ಗಾಡಿ ಖರ್ಚೂ ಇಲ್ಲದ ಹುಡುಗರಿಗೆ ಆ ಕಾಲದಲ್ಲಿ ಅದು ಎಂಥ ಆಸರೆ ಆಗಿರಬೇಕು!

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಆಸರೆ ಒಂದು ಸಮಾಜದ ಮಕ್ಕಳಿಗೆ ಮಾತ್ರ ಇತ್ತು. ಅದೇ ಊರಿನ ಇನ್ನೊಂದು ಓಣಿಯ ಹುಡುಗನಿಗೆ ಸಿಗುತ್ತಿರಲಿಲ್ಲ. ದಾನ ಎಷ್ಟೇ ದೊಡ್ಡದಿರಲಿ, ಯಾರಿಗೆ ಅನ್ನುವುದನ್ನು ಕೊಡುವವರೇ ನಿಶ್ಚಯಿಸುತ್ತಾರೆ. ಸರ್ಕಾರದ ದುಡ್ಡಿಗೂ ಶ್ರೀಮಂತರ ದುಡ್ಡಿಗೂ ಇರುವ ದೊಡ್ಡ ಫರಕು ಇದೇ. ಸರ್ಕಾರವನ್ನು ನಾವು ಕೇಳಬಹುದು, ಐದು ವರ್ಷಕ್ಕೊಮ್ಮೆ ಬದಲಾಯಿಸಬಹುದು. ದಾನಿಯನ್ನು ಬದಲಾಯಿಸಲು ಆಗುವುದಿಲ್ಲ.

ಶಾಲೆಗಳಿಗೆ ಬಿಸಿ ಊಟ ಮಾಡಿ ಕಳಿಸುವ ಅಕ್ಷಯಪಾತ್ರೆ ಸಂಸ್ಥೆಯ ರಾಯಾಪುರದ ಅಡುಗೆಮನೆಯನ್ನು ಹುಬ್ಬಳ್ಳಿ-ಧಾರವಾಡದವರು ಬಹಳ ಜನ ನೋಡಿದ್ದಾರೆ. ಅಕ್ಕಿ, ಬೇಳೆ ಯಂತ್ರದಿಂದ ಮೇಲಿನ ಮಹಡಿಗೆ ಏರುತ್ತದೆ. ಅಲ್ಲಿಂದ ತೊಳೆದು ಕೆಳಗಿನ ಕೊಪ್ಪರಿಗೆಗೆ ತಾನಾಗಿ ಇಳಿಯುತ್ತದೆ. ಅಂಥ ಕಟ್ಟಡ, ಕೊಪ್ಪರಿಗೆ, ವ್ಯಾನುಗಳಿಗೆ ದೊಡ್ಡ ದಾನಿಗಳ ದುಡ್ಡು ಬೇಕಾಯಿತು. ದಿನದ ಊಟಕ್ಕೆ ಸರ್ಕಾರದ ಧಾನ್ಯ ಮತ್ತು ಅನುದಾನ ಬರುತ್ತದೆ, ಕಡಿಮೆ ಬಿದ್ದದ್ದನ್ನು ದಾನ ತುಂಬುತ್ತದೆ. ಇದು ಚೆನ್ನಾಗಿ ಹೊಂದಿದ ಜೋಡಿ. ಆದರೆ ಆ ಅಡುಗೆಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕುವುದಿಲ್ಲ. ಅದು ಸಂಸ್ಥೆಯ ನಂಬಿಕೆ. ಮಕ್ಕಳಿಗೆ ಮನೆಯ ರುಚಿ ಬೇಡವೇ ಅಂತ ರಾಜ್ಯದಲ್ಲಿ ಕೆಲವು ವರ್ಷಗಳ ಹಿಂದೆ ದೊಡ್ಡ ಚರ್ಚೆಯೇ ನಡೆಯಿತು. ಬಿಸಿ ಊಟ ಹೊತ್ತಿಗೆ ಸರಿಯಾಗಿ ತಲುಪುವುದು ದೊಡ್ಡ ಕೆಲಸ, ಅದನ್ನು ನಾನು ಗೌರವಿಸುತ್ತೇನೆ. ಆದರೂ ಒರಳುಕಲ್ಲಿನಲ್ಲಿ ಬೆಳ್ಳುಳ್ಳಿ ಕಾರ ಕುಟ್ಟುವ ನಮ್ಮ ಮನೆಗಳ ಮಕ್ಕಳು ಏನು ಉಣ್ಣಬೇಕು ಅನ್ನುವುದರಲ್ಲಿ ಅವರ ತಾಯಂದಿರ ಮಾತಿಗೂ ಜಾಗ ಇರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಈಗ ಆ ನೀರಿನ ಘಟಕಕ್ಕೆ ಬರುತ್ತೇನೆ. ಅದು ಯಾವ ಶ್ರೀಮಂತರ ಜೇಬಿನಿಂದಲೂ ಬಂದದ್ದಲ್ಲ. ಅದು ಸಿಎಸ್‌ಆರ್ ಹಣ, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ. ಇದನ್ನು ಬಹಳ ಜನ ಒಂದೇ ಅಂದುಕೊಳ್ಳುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಆಸ್ತಿ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ. ಈ ಮೂರರಲ್ಲಿ ಒಂದನ್ನು ಮುಟ್ಟಿದರೂ ಕಂಪನಿಗೆ ಇದು ಅನ್ವಯ. ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಶೇಕಡಾ ಹಣವನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸರಾಸರಿ ಲಾಭ 100 ಕೋಟಿ ಇದ್ದರೆ 2 ಕೋಟಿ. ಮಾಲೀಕರಿಗೆ ಮನಸ್ಸಿರಲಿ ಬಿಡಲಿ, ಕಾನೂನು ಬಿಡುವುದಿಲ್ಲ. ಆ ಹಣ ಕಂಪನಿಯದು, ಅಂದರೆ ಅದರ ಎಲ್ಲ ಷೇರುದಾರರದು. ಅದರಲ್ಲಿ ನಿಮ್ಮ ಮ್ಯೂಚುವಲ್ ಫಂಡಿನ ಕಂತಿನ ಪಾಲೂ ಇರಬಹುದು. ಹಾಗಾಗಿ ವೇದಿಕೆಯ ಮೇಲೆ ಕಂಪನಿಯ ಯಜಮಾನರಿಗೆ ಶಾಲು ಹೊದಿಸಿ ಮಹಾದಾನಿ ಅಂದಾಗ, ಅವರು ಸ್ವಂತ ದುಡ್ಡು ಕೊಟ್ಟರೋ ಕಂಪನಿಯ ಪಾಲು ಕೊಟ್ಟರೋ ಅಂತ ಒಮ್ಮೆ ಕೇಳಿಕೊಳ್ಳಬೇಕು. ಕಾನೂನು ಬರುವ ಮೊದಲೇ ಕೊಡಲು ಶುರುಮಾಡಿದ ಕಂಪನಿಗಳೂ ಇವೆ. ಇನ್ಫೊಸಿಸ್ ಫೌಂಡೇಶನ್ ಹುಟ್ಟಿದ್ದು 1996ರಲ್ಲಿ. ಅದನ್ನು ಬಹಳ ವರ್ಷ ನಡೆಸಿದ ಸುಧಾ ಮೂರ್ತಿಯವರು ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಓದಿದವರು.

ಸಿಎಸ್‌ಆರ್ ಹಣಕ್ಕೆ ಒಂದು ಗಡಿಯಾರ ಕಟ್ಟಿದೆ. ಆಯಾ ವರ್ಷದ ಹಣ ಮಾರ್ಚ್ 31ರೊಳಗೆ ಖರ್ಚಾಗಬೇಕು. ಹಲವು ವರ್ಷದ ಯೋಜನೆ ಅಂತ ಮೊದಲೇ ತೋರಿಸಿದ್ದರೆ ಉಳಿದ ಹಣವನ್ನು ಬೇರೆ ಖಾತೆಯಲ್ಲಿಟ್ಟು ಮುಂದಿನ ಮೂರು ವರ್ಷದಲ್ಲಿ ಖರ್ಚು ಮಾಡಬಹುದು. ಇಲ್ಲದಿದ್ದರೆ ಅದು ಪ್ರಧಾನಮಂತ್ರಿ ಪರಿಹಾರ ನಿಧಿಯಂಥ ಸರ್ಕಾರ ಗೊತ್ತುಮಾಡಿದ ನಿಧಿಗೆ ಹೋಗಬೇಕು. ಜೊತೆಗೆ ಇನ್ನೊಂದು ನಿಯಮ 2021ರಲ್ಲಿ ಬಂತು. ಸಿಎಸ್‌ಆರ್ ಹಣದಿಂದ ಆದ ಕಟ್ಟಡ, ಯಂತ್ರವನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ನೋಂದಾಯಿತ ಸಂಸ್ಥೆಗೋ, ಫಲಾನುಭವಿಗಳಿಗೋ, ಪಂಚಾಯ್ತಿ, ಶಾಲೆಯಂಥ ಸರ್ಕಾರಿ ಕಡೆಗೋ ಒಪ್ಪಿಸಬೇಕು. ನಿಯಮ ಒಳ್ಳೆಯದೇ. ಕಂಪನಿ ದಾನದ ಹೆಸರಿನಲ್ಲಿ ಆಸ್ತಿ ಮಾಡಿಕೊಳ್ಳಬಾರದು ಅಲ್ವಾ? ಆದರೆ ಎರಡನ್ನೂ ಸೇರಿಸಿ ನೋಡಿ. ಜನವರಿಯಲ್ಲಿ ಹಣ ಮಂಜೂರಾಗುತ್ತದೆ. ಮಾರ್ಚ್ ಒಳಗೆ ಮುಗಿಯುವ, ಫೋಟೊ ತೆಗೆಯಲು ಬರುವ ಕೆಲಸ ಬೇಕು. ನೀರಿನ ಘಟಕ ಎರಡು ತಿಂಗಳಲ್ಲಿ ಎದ್ದು ನಿಲ್ಲುತ್ತದೆ. ರಿಬ್ಬನ್ ಕತ್ತರಿಸಿ ಶಾಲೆಗೆ ಕೀಲಿ ಕೊಡುತ್ತಾರೆ. ಅವತ್ತಿನಿಂದ ಮೆಂಬ್ರೇನ್, ಫಿಲ್ಟರ್, ಕರೆಂಟು ಎಲ್ಲ ಶಾಲೆಯ ತಲೆಗೆ. ಶಾಲೆಯ ಹತ್ತಿರ ಸೀಮೆಸುಣ್ಣಕ್ಕೂ ಲೆಕ್ಕ ಹಾಕುವ ಪರಿಸ್ಥಿತಿ.

"ಕಟ್ಟಡ ಬೇಕೇನ್ರಿ ಅಂತ ಕೇಳೋರು ಭಾಳ ಮಂದಿ ಬರ್ತಾರ. ಫಿಲ್ಟರಿಗೆ ರೊಕ್ಕ ಬೇಕೇನ್ರಿ ಅಂತ ಇಷ್ಟು ವರ್ಷದಾಗ ಯಾರೂ ಕೇಳಿಲ್ಲ," ಅಂದರು ಹೆಡ್‌ಮಾಸ್ತರರು.

ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಘಟಕ ಕಟ್ಟಲು 8 ಲಕ್ಷ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ನಡೆಸುವ ಖರ್ಚು 56 ಸಾವಿರ. ಬ್ಯಾಂಕಿನಲ್ಲಿ 7 ಶೇಕಡಾ ಬಡ್ಡಿ. ಆ 56 ಸಾವಿರ ಬಡ್ಡಿಯಿಂದಲೇ ಬರಬೇಕಾದರೆ ಎಷ್ಟು ಠೇವಣಿ ಇಡಬೇಕು? ಸರಿಯಾಗಿ 8 ಲಕ್ಷ. ಅಂದರೆ ಯಂತ್ರಕ್ಕೆ ಹಾಕಿದಷ್ಟೇ ಹಣವನ್ನು ಅದನ್ನು ನಡೆಸಲೂ ಇಡಬೇಕು. ಹತ್ತು ಶಾಲೆಗೆ ಹತ್ತು ಘಟಕ ಕೊಡುವ ಹಣದಲ್ಲಿ ಐದು ಶಾಲೆಗೆ ಕೊಟ್ಟು, ಅವು ನಿಲ್ಲದ ಹಾಗೆ ನೋಡಿಕೊಳ್ಳಬಹುದು. ಆದರೆ ವರದಿಯಲ್ಲಿ ಹತ್ತು ಅಂತ ಬರೆಯಲು ಆಗುವುದಿಲ್ಲ. ಸಿಎಸ್‌ಆರ್ ನಿಯಮಗಳು ನಡೆಸುವ ಖರ್ಚನ್ನು ಬೇಡ ಅಂದಿಲ್ಲ. ಕೊಡುವವರೇ ಅದನ್ನು ಇಷ್ಟಪಡುವುದಿಲ್ಲ, ಯಾಕಂದರೆ ಅದರ ಮೇಲೆ ಹೆಸರು ಕೆತ್ತಲು ಜಾಗ ಇರುವುದಿಲ್ಲ.

ಹಾವೇರಿ, ಗದಗಿನಂಥ ಜಿಲ್ಲೆಗಳಿಗೆ ಇನ್ನೊಂದು ತೊಡಕಿದೆ. ಕಂಪನಿ ಎಲ್ಲಿ ಕೆಲಸ ಮಾಡುತ್ತದೋ ಆ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ಅದು ಸೂಚನೆ ಮಾತ್ರ, ಕಡ್ಡಾಯ ಅಲ್ಲ ಅಂತ ಕೇಂದ್ರ ಸರ್ಕಾರವೇ ಸ್ಪಷ್ಟಪಡಿಸಿದೆ. ಆದರೂ ಹಣ ಸಹಜವಾಗಿ ಕಂಪನಿ ಇರುವ ಕಡೆಗೇ ಹರಿಯುತ್ತದೆ. ಬೆಂಗಳೂರಿನ ಕೆರೆಗೆ ನಾಲ್ಕು ಕಂಪನಿ ಮುಂದೆ ಬಂದರೆ ಹಿರೇಕೆರೂರಿನ ಕೆರೆಗೆ ಒಂದೂ ಬರುವುದಿಲ್ಲ. ಯಾವ ಜಿಲ್ಲೆಗೆ ಎಷ್ಟು ಬಂತು ಅನ್ನುವುದು ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಕಂಪನಿಗಳ ವಾರ್ಷಿಕ ವರದಿಯಲ್ಲೂ ಇರುತ್ತದೆ. ನಮ್ಮ ಜಿಲ್ಲೆಯ ಸಾಲನ್ನು ಒಮ್ಮೆ ತೆಗೆದು ನೋಡಿ.

"ಎಲ್ಲಾ ಟ್ಯಾಕ್ಸ್ ಉಳಿಸೋದಕ್ಕ ಮಾಡ್ತಾರ" ಅನ್ನುವ ಮಾತೂ ಇದೆ. ಇದರಲ್ಲಿ ಅರ್ಧ ಮಾತ್ರ ನಿಜ. ನಮಗೆಲ್ಲ 80ಜಿ ಅನ್ನುವ ಹೆಸರಿನಲ್ಲಿ ಪರಿಚಯವಾದ ವಿನಾಯಿತಿಯಲ್ಲಿ ಹೆಚ್ಚಿನ ಟ್ರಸ್ಟುಗಳಿಗೆ ಕೊಟ್ಟ ದಾನದ ಅರ್ಧ ಮಾತ್ರ ಆದಾಯದಿಂದ ಕಳೆಯಬಹುದು. ಅದಕ್ಕೂ ಆದಾಯದ 10 ಶೇಕಡಾ ಅನ್ನುವ ಮಿತಿ ಇದೆ. ಒಬ್ಬರು 1 ಕೋಟಿ ಕೊಟ್ಟರೆ 50 ಲಕ್ಷ ಕಳೆಯುತ್ತದೆ. 30 ಶೇಕಡಾ ತೆರಿಗೆಯವರಿಗೆ 15 ಲಕ್ಷ ಉಳಿಯುತ್ತದೆ. ಸರ್‌ಚಾರ್ಜು, ಸೆಸ್ಸು ಸೇರಿ ತೀರಾ ದೊಡ್ಡ ಆದಾಯದವರಿಗೆ ಅದು 21 ಲಕ್ಷದ ಆಸುಪಾಸು ಆಗಬಹುದು. ಉಳಿದ ಮುಕ್ಕಾಲು ಪಾಲಿಗಿಂತ ಹೆಚ್ಚು ಹಣ ಅವರ ಕೈಯಿಂದ ನಿಜವಾಗಿಯೂ ಹೋಯಿತು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಇಲ್ಲವೇ ಇಲ್ಲ. ಷೇರು, ಭೂಮಿ, ಅಕ್ಕಿ ಚೀಲ ಕೊಟ್ಟರೂ ಇಲ್ಲ. ದುಡ್ಡಾಗಿ ಕೊಟ್ಟರೆ ಮಾತ್ರ. ನಗದು ಆದರೆ 2,000 ರೂಪಾಯಿವರೆಗೆ ಅಷ್ಟೇ. ತೆರಿಗೆ ಉಳಿಸುವುದೇ ಗುರಿ ಆಗಿದ್ದರೆ ಇದಕ್ಕಿಂತ ಸುಲಭ ದಾರಿಗಳು ಬೇರೆ ಇವೆ. ಕೊಡದೆ ಕಪ್ಪು ಹಣ ಬಿಳಿ ಮಾಡುವ ಸುಳ್ಳು ರಸೀದಿಗಳ ದಂಧೆಯೂ ಇದೆ. ಅದು ದಾನ ಅಲ್ಲ, ಕಳ್ಳತನ.

ಅಮೆರಿಕಾದ ಶ್ರೀಮಂತರು ನಮ್ಮವರಿಗಿಂತ ಜಾಸ್ತಿ ಕೊಡುತ್ತಾರೆ ಅಂತ ಹೋಲಿಸುವಾಗ ಒಂದು ವಿಷಯ ಮರೆಯುತ್ತೇವೆ. ಅಲ್ಲಿ ತೀರಾ ದೊಡ್ಡ ಆಸ್ತಿ ಮಕ್ಕಳಿಗೆ ಹೋಗುವಾಗ ಮಿತಿ ಮೀರಿದ ಭಾಗಕ್ಕೆ 40 ಶೇಕಡಾದವರೆಗೆ ತೆರಿಗೆ ಬೀಳುತ್ತದೆ. ದಾನಕ್ಕೆ ಹೋದರೆ ಬೀಳುವುದಿಲ್ಲ. ನಮ್ಮಲ್ಲಿ ಅಂಥ ತೆರಿಗೆಯನ್ನು 1985ರಲ್ಲೇ ತೆಗೆದುಹಾಕಿದರು. ಹೀಗಾಗಿ ನಮ್ಮಲ್ಲಿ ಆಸ್ತಿಯ ದೊಡ್ಡ ಪಾಲನ್ನು ಬಿಟ್ಟುಕೊಟ್ಟವರು ಕಾನೂನಿನ ಒತ್ತಾಯ ಇಲ್ಲದೆ ಕೊಟ್ಟಿದ್ದಾರೆ. ಬಿಲ್ ಗೇಟ್ಸ್, ಮೆಲಿಂಡಾ ಗೇಟ್ಸ್, ವಾರೆನ್ ಬಫೆಟ್ 2010ರಲ್ಲಿ ಶುರುಮಾಡಿದ ಗಿವಿಂಗ್ ಪ್ಲೆಡ್ಜ್‌ಗೆ ಪ್ರೇಮ್‌ಜಿ, ಕಿರಣ್ ಮಜುಂದಾರ್ ಶಾ, ನಂದನ್ ಮತ್ತು ರೋಹಿಣಿ ನಿಲೇಕಣಿ ಸಹಿ ಹಾಕಿದ್ದಾರೆ. ಕನಿಷ್ಠ ಅರ್ಧ ಸಂಪತ್ತು ಕೊಡುತ್ತೇವೆ ಅನ್ನುವ ಮಾತು ಅದು. ಮಾತು ಅಷ್ಟೇ, ಕೋರ್ಟಿನಲ್ಲಿ ನಿಲ್ಲುವ ಕರಾರಲ್ಲ. ಯಾರು ಉಳಿಸಿಕೊಂಡರು ಅನ್ನುವುದು ವರ್ಷಗಳು ಕಳೆದ ಮೇಲೆಯೇ ಗೊತ್ತಾಗುತ್ತದೆ.

ನಮ್ಮ ಹಳೆ ಪೇಟೆಗಳ ಒಂದು ರೂಢಿಯನ್ನೂ ಇಲ್ಲಿ ನೆನಪಿಸಬೇಕು. ಹತ್ತಿ, ಕಾಳು ಮಾರಲು ಬಂದ ರೈತನ ಪಟ್ಟಿಯಲ್ಲಿ ದಲಾಲಿ, ಹಮಾಲಿ, ತೂಕದ ಜೊತೆಗೆ "ಧರ್ಮ" ಅಂತ ಒಂದಿಷ್ಟು ಮುರಿದುಕೊಳ್ಳುತ್ತಿದ್ದರು. ಧರ್ಮಾದಾಯ ಅಂತಲೂ ಕರೆಯುತ್ತಿದ್ದರು. ಅದು ಗುಡಿಗೆ, ಗೋಶಾಲೆಗೆ, ಛತ್ರಕ್ಕೆ ಹೋಗುತ್ತಿತ್ತು. ಪೇಟೆಯ ಸಾಹುಕಾರರ ಹೆಸರಿನಲ್ಲಿ ಛತ್ರ ಏಳುತ್ತಿತ್ತು. ಆ ಗೋಡೆಯಲ್ಲಿ ಸಾವಿರಾರು ರೈತರ ಒಂದೊಂದು ಕಾಸು ಇದೆ ಅನ್ನುವುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಇದನ್ನು ಹೇಳುವುದು ಸಾಹುಕಾರರನ್ನು ಹಳಿಯಲು ಅಲ್ಲ. ದೊಡ್ಡ ಸಂಪತ್ತು ಯಾವತ್ತೂ ಒಬ್ಬರ ಬೆವರಿನಿಂದ ಮಾತ್ರ ಆಗುವುದಿಲ್ಲ. ಅದರ ಒಂದು ಪಾಲು ಮೊದಲೇ ಊರಿನದು. ಕೊಡುವಾಗ ಈ ನೆನಪು ಇದ್ದರೆ ಕೊಡುವ ಕೈಯ ರೀತಿಯೇ ಬೇರೆ ಆಗುತ್ತದೆ.

ನಮ್ಮ ಕಡೆ ಅದಕ್ಕೊಂದು ಶಬ್ದವೇ ಇದೆ, ದಾಸೋಹ. ದಾನ ಕೊಡುವವನು ಮೇಲೆ ನಿಂತು ಕೆಳಗಿನವನ ಕೈಗೆ ಹಾಕುತ್ತಾನೆ. ದಾಸೋಹದಲ್ಲಿ ಬಡಿಸುವವನೇ ದಾಸ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ಪಂಕ್ತಿಯಲ್ಲಿ ಕೂತರೆ ಇದು ಗೊತ್ತಾಗುತ್ತದೆ. ನಿಮ್ಮ ಎಲೆಗೆ ಸಾರು ಬಡಿಸುತ್ತಿರುವವರು ಬಟ್ಟೆ ಅಂಗಡಿಯ ಮಾಲೀಕರೋ ಹಮಾಲರೋ ತಿಳಿಯುವುದಿಲ್ಲ. ಯಾರ ಅಕ್ಕಿ ಅಂತ ಯಾರೂ ಕೇಳುವುದಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇದನ್ನು ಇನ್ನೂ ಹತ್ತಿರದಿಂದ ನೋಡಬಹುದು. ಬೆಳಿಗ್ಗೆ ಹೋದರೆ ಒಂದು ಕೋಣೆಯಿಂದ ಹಾರ್ಮೋನಿಯಂ, ಇನ್ನೊಂದರಿಂದ ತಬಲಾ. ಕಣ್ಣು ಕಾಣದ ಮಕ್ಕಳು ಗೋಡೆ ಮುಟ್ಟುತ್ತ ಊಟದ ಮನೆಗೆ ನಡೆಯುತ್ತಾರೆ. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, ಅವರು 1944ರಲ್ಲಿ ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದ್ದು. ಭಕ್ತರು ಊರೂರಲ್ಲಿ ಪುಟ್ಟರಾಜರ ತುಲಾಭಾರ ಮಾಡುತ್ತಿದ್ದರು. ತಕ್ಕಡಿಯ ಒಂದು ಕಡೆ ಅಜ್ಜ, ಇನ್ನೊಂದು ಕಡೆ ನಾಣ್ಯ. ಆ ನಾಣ್ಯ ಸಂಗೀತ ಕಲಿಯುವ ಮಕ್ಕಳ ಊಟಕ್ಕೆ, ಬಟ್ಟೆಗೆ, ವಾದ್ಯದ ತಂತಿಗೆ. ನಡೆಸುವ ಖರ್ಚು ಅಂದೆನಲ್ಲ, ಅದು ಇಲ್ಲಿ ಹೀಗೆ ಬರುತ್ತಿತ್ತು. ಜೋಳದ ಚೀಲ ತಂದು ಬಾಗಿಲಲ್ಲಿ ಇಳಿಸಿ, ಹೆಸರು ಬರೆಸದೆ ಬಸ್ ಹಿಡಿಯುವ ರೈತರು ಈಗಲೂ ಇದ್ದಾರೆ.

ಗದಗಿನಿಂದ ಹನ್ನೆರಡು ಕಿಲೋಮೀಟರ್ ಲಕ್ಕುಂಡಿ. ಅಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇದೆ, 1007ರದು. ದಾನಚಿಂತಾಮಣಿ ಅಂತ ಹೆಸರಾದವಳು. ಬಸದಿಗಳನ್ನು ಕಟ್ಟಿಸಿದಳು, 1,500 ಚಿನ್ನದ ಜಿನಬಿಂಬಗಳನ್ನು ಮಾಡಿಸಿ ಹಂಚಿದಳು. ನನ್ನ ಮನಸ್ಸಿಗೆ ಬಹಳ ಹತ್ತಿರದ್ದು ಇನ್ನೊಂದು. ಪೊನ್ನ ಕವಿಯ ಶಾಂತಿಪುರಾಣದ 1,000 ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು. ಅಚ್ಚು ಇಲ್ಲದ ಕಾಲ. ಪ್ರತಿ ಅಕ್ಷರವನ್ನು ಕಂಟ ಅನ್ನುವ ಕಬ್ಬಿಣದ ಲೇಖನಿಯಿಂದ ಕೊರೆಯಬೇಕು. ಎಷ್ಟು ಲಿಪಿಕಾರರಿಗೆ ಎಷ್ಟು ತಿಂಗಳು ಅನ್ನ ಹಾಕಿರಬೇಕು! ಅವಳು ಓಲೆಗರಿಯನ್ನಷ್ಟೇ ಕೊಂಡಿರಲಿಲ್ಲ. ಬರೆಯುವವರ ದುಡಿಮೆಗೂ ಹಣ ಕೊಟ್ಟಿದ್ದಳು.

ಬಿವಿಬಿ ಅಂತ ನಾವು ಕರೆಯುವ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜು ಬಿ.ವಿ. ಭೂಮರಡ್ಡಿ ಅನ್ನುವ ದಾನಿಯ ಹೆಸರಿನದು. 1947ರಲ್ಲಿ ಶುರುವಾಯಿತು, ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ. ಜಾಬಿನ್ ಕಾಲೇಜಿನ ಹೆಸರೂ ಹಾಗೆಯೇ ದಾನಿಯದು. ಆದರೆ ಅವುಗಳ ಹಿಂದಿನ ಕೆಎಲ್ಇ ಸಂಸ್ಥೆಯನ್ನು 1916ರಲ್ಲಿ ಬೆಳಗಾವಿಯಲ್ಲಿ ಕಟ್ಟಿದವರು ಏಳು ಜನ. ಅವರಿಗೆ ದೊಡ್ಡ ಆಸ್ತಿ ಇರಲಿಲ್ಲ. ತಮ್ಮ ದುಡಿಯುವ ವರ್ಷಗಳನ್ನೇ ಕೊಟ್ಟರು. ದಾನಿಗಳ ಕಲ್ಲು ಗೋಡೆಯಾಗಿ ಉಳಿದದ್ದು ಅಂಥವರು ಒಳಗೆ ನಿಂತು ನಡೆಸಿದ್ದಕ್ಕೆ.

ಹೋದ ತಿಂಗಳು ಮುಂಡರಗಿಯ ಆ ಹೆಡ್‌ಮಾಸ್ತರರು ಫೋನು ಮಾಡಿದ್ದರು. ಇನ್ನೊಂದು ಕಂಪನಿಯವರು ಬಂದು ಅರ್ಜಿ ನಮೂನೆ ಕೊಟ್ಟು ಹೋಗಿದ್ದಾರಂತೆ. ಹೊಸ ಘಟಕ ಕೊಡಲು ತಯಾರಿದ್ದಾರೆ. ಇವರು ಹೊಸದು ಬೇಡ, ಹಳೆಯದನ್ನು ಐದು ವರ್ಷ ನಡೆಸಲು ಹಣ ಕೊಡಿ ಅಂತ ಬರೆಯಬೇಕೆಂದು ಕೂತರು. ನಮೂನೆಯಲ್ಲಿ ಯಾವ ಆಸ್ತಿ ಬೇಕು, ಅಳತೆ ಎಷ್ಟು, ಫಲಕ ಎಲ್ಲಿ ಹಾಕಬೇಕು ಅಂತ ಮೂರು ಅಂಕಣ ಇದ್ದವು. ಕೊನೆಗೆ ಹಾಳೆ ತಿರುಗಿಸಿ ಹಿಂದೆ ಕೈಯಿಂದಲೇ ಬರೆದರಂತೆ: ಮೆಂಬ್ರೇನ್, ಎರಡು ಫಿಲ್ಟರ್, ತಿಂಗಳ ಕರೆಂಟ್ ಬಿಲ್, ವಾರಕ್ಕೊಮ್ಮೆ ಟ್ಯಾಂಕ್ ತೊಳೆಯುವವರ ಕೂಲಿ. ಕೆಳಗೆ ಮಕ್ಕಳ ಸಂಖ್ಯೆ ಹಾಕಿ, ಸಹಿ ಮಾಡಿ, ಶಾಲೆಯ ಸೀಲು ಒತ್ತಿ ಕಳಿಸಿದ್ದಾರೆ.